ಐಸ್ ಇಲ್ಲದೆ ಬಂದ ಹಕ್ಕಳೆಯಲ್ಲೂ ವೈರಸ್ ಬೆಳೆಯಿತು

ದನಗಳ ಚರ್ಮಗಂಟು ರೋಗದ (ಲಂಪಿ ಸ್ಕಿನ್) ಹಕ್ಕಳೆಯನ್ನು ಐಸ್ ಇಲ್ಲದೆ, ಒಣಗಿಸಿ ಕಾಗದದ ಕವರಿನಲ್ಲಿ ತರಿಸಿ, ಅದರಿಂದ ಲ್ಯಾಬಿನಲ್ಲಿ ಜೀವಂತ ವೈರಸ್ ಬೆಳೆಸಿದ್ದೇನೆ. ಒಂದು ಸಲ ಅದೃಷ್ಟಕ್ಕೆ ಬಂದದ್ದಲ್ಲ. ಹತ್ತು ಸ್ಯಾಂಪಲ್‌ಗೆ ಆರೇಳರಲ್ಲಿ ಬರುತ್ತಿದೆ. ಕೋಲ್ಡ್ ಚೈನ್ ಇಲ್ಲದ್ದನ್ನು, ಅಂದರೆ ದಾರಿಯುದ್ದಕ್ಕೂ ತಣ್ಣಗಿಡದೆ ತಂದದ್ದನ್ನು ಮುಟ್ಟಲೇಬೇಡ, ಫಂಗಸ್ ಬಿಟ್ಟು ಬೇರೇನೂ ಬೆಳೆಯಲ್ಲ ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

2022ರಲ್ಲಿ ಹಾವೇರಿ, ಗದಗ ಕಡೆ ರೋಗ ಜೋರಾಗಿತ್ತು. ರೋಗ ಯಾವುದು ಅಂತ ಹೇಳಲು ಪಿಸಿಆರ್ ಸಾಕು, ಅದು ವೈರಸ್ಸಿನ ಡಿಎನ್‌ಎ ಇದೆಯೇ ಅಂತ ನೋಡುವ ಪರೀಕ್ಷೆ. ಆದರೆ ದನಗಳಿಗೆ ಹಾಕುತ್ತಿದ್ದದ್ದು ಆಡಿನ ಸಿಡುಬಿನ ಲಸಿಕೆ, ಉತ್ತರಕಾಶಿ ತಳಿಯದ್ದು. ಆ ಲಸಿಕೆ ಹಾಕಿಸಿಕೊಂಡ ದನದ ಸೀರಮ್ಮು (ರಕ್ತದ ತಿಳಿ) ನಮ್ಮ ಊರಿನ ವೈರಸ್ಸನ್ನು ಎಷ್ಟು ತಡೆಯುತ್ತೆ ಅಂತ ನೋಡಲು ಜೀವಂತ ವೈರಸ್ಸೇ ಬೇಕಲ್ವಾ?

ಮೊದಲು ನಿಯಮದಂತೆ ಥರ್ಮೋಕೋಲ್ ಬಾಕ್ಸು, ಜೆಲ್ ಪ್ಯಾಕು, ಕೊರಿಯರ್. ಒಂದು ಸಲಕ್ಕೆ ಎರಡೂವರೆ ಸಾವಿರ ಹತ್ತಿರ ಹೋಗುತ್ತಿತ್ತು. ಬಾಕ್ಸು ಎಲ್ಲೋ ಗೋಡೌನಿನಲ್ಲಿ ಎರಡು ದಿನ ಕೂತು ಬರುತ್ತಿತ್ತು. ಐಸ್ ಕರಗಿ, ಹಕ್ಕಳೆ ನೀರಿನಲ್ಲಿ ನೆನೆದು, ಮುಚ್ಚಳ ತೆಗೆದರೆ ವಾಸನೆ. ಇನ್ನು ಹಳ್ಳಿಯ ಆಸ್ಪತ್ರೆಯ ಡಾಕ್ಟರು, "ಸಾರ್, ಇಲ್ಲಿ ಕರೆಂಟೇ ಇರಲ್ಲ, ಐಸ್ ಎಲ್ಲಿಂದ ತರ್ಲಿ?" ಅಂದರೆ ನಾನಾದರೂ ಏನು ಹೇಳಲಿ!

ಒಣಗಿದ ಹಕ್ಕಳೆಯಲ್ಲಿ ಈ ವೈರಸ್ ತಿಂಗಳಿಗೂ ಜಾಸ್ತಿ ಬದುಕುತ್ತದೆ. ಇದು ನಮಗೆಲ್ಲ ಗೊತ್ತಿರುವ ಮಾತೇ. ಹಾಗಿದ್ದರೆ ಶತ್ರು ಬಿಸಿಯಲ್ಲ, ತೇವ. ಅಲ್ಲಿಂದ ದಾರಿ ಬದಲಾಯಿಸಿದೆ. ನೆರಳಲ್ಲಿ ಒಣಗಿಸಿ, ಕಾಗದದ ಕವರಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮೇಲೆ ಜಿಪ್ ಕವರ್, ಅದರ ಮೇಲೆ ಗಟ್ಟಿ ಡಬ್ಬಿ. ಈ ಮೂರು ಪದರ ಮಾತ್ರ ತಪ್ಪಿಸಬೇಡಿ. ನೇರ ಪ್ಲಾಸ್ಟಿಕ್ಕಿಗೆ ಹಾಕಿದರೆ ಒಳಗೆ ಬೆವರಿ ಬೂಷ್ಟು ಬರುತ್ತೆ. ಕಳಿಸುವ ಖರ್ಚು ನೂರೈವತ್ತು ರೂಪಾಯಿ ದಾಟಿಲ್ಲ.

ಯಾವ ಹಕ್ಕಳೆ ತೆಗೆಯಬೇಕು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ರೈತರು ಗಂಟಿನ ಮೇಲೆ ಅರಿಶಿನ, ಬೇವಿನೆಣ್ಣೆ ಹಚ್ಚಿರುತ್ತಾರೆ, ಇಲ್ಲವೇ ಅಯೋಡಿನ್ ಸ್ಪ್ರೇ ಹೊಡೆದಿರುತ್ತಾರೆ. ದನಕ್ಕೆ ಅದು ಒಳ್ಳೆಯದೇ, ವೈರಸ್ ಬೆಳೆಸಲು ನಾನು ಫ್ಲಾಸ್ಕಿನಲ್ಲಿ ಸಾಕುವ ಕೋಶಗಳಿಗೆ ವಿಷ. ಪಿಸಿಆರ್ ಪಾಸಿಟಿವ್ ಬಂದರೂ ಫ್ಲಾಸ್ಕಿನಲ್ಲಿ ಮಾರನೇ ದಿನವೇ ಕೋಶಗಳೆಲ್ಲ ಕಿತ್ತು ತೇಲುತ್ತಿದ್ದವು. ಬಾಲದ ಬುಡದ ಕೆಳಗೆ, ತೊಡೆ ಸಂದಿಯಲ್ಲಿ ಇರುವ ಗಂಟಿಗೆ ಯಾರೂ ಏನೂ ಹಚ್ಚಿರಲ್ಲ. ಅಲ್ಲಿ ಅಂಚು ಎದ್ದು ನಡುವೆ ಇನ್ನೂ ಹಿಡಿದುಕೊಂಡಿರುವ ಹಕ್ಕಳೆ ನೋಡಿ. ಇಕ್ಕಳದಲ್ಲಿ ಎಳೆದರೆ ಕೆಳಗಿನ ಗಟ್ಟಿ ತಿರುಳೂ ಬರುತ್ತೆ, ಚರ್ಮದಲ್ಲಿ ಕೆಂಪು ಗುಳಿ ಉಳಿಯುತ್ತೆ. ಆ ತಿರುಳು ಬೇಕೇ ಬೇಕು.

ಹಕ್ಕಳೆ ಅರೆಯುವುದು, ವೈರಸ್ ಹೊರಬರಲು ಮೂರು ಸಲ ಫ್ರೀಜ್ ಮಾಡಿ ಕರಗಿಸುವುದು ಲ್ಯಾಬಿನವರಿಗೆಲ್ಲ ಗೊತ್ತು. ಫಿಲ್ಟರ್ ಮಾತ್ರ 0.45 ಮೈಕ್ರಾನಿನದು ಹಾಕಿ. ಇದು 300 ನ್ಯಾನೋಮೀಟರ್, ಅಂದರೆ 0.3 ಮೈಕ್ರಾನ್ ಆಸುಪಾಸಿನ ದೊಡ್ಡ ವೈರಸ್, 0.22ರಲ್ಲಿ ಹಾಕಿದರೆ ಬ್ಯಾಕ್ಟೀರಿಯಾ ಜೊತೆ ಅದೂ ಮೇಲೆಯೇ ಉಳಿಯುತ್ತೆ. ಫಂಗಸ್ ತಡೆಯಲು ಫಿಲ್ಟರಿಗೆ ಮುಂಚೆ ನಾನು ಇನ್ನೊಂದು ಹಂತ ಮಾಡುತ್ತೇನೆ. ಅದನ್ನು ಪ್ರಬಂಧ ಅಚ್ಚಾದ ಮೇಲೆ ಹೇಳುತ್ತೇನೆ.

ಕೋಶದ ವಿಷಯಕ್ಕೆ ಬಂದರೆ, ವೀರೋದಲ್ಲಿ (ಲ್ಯಾಬುಗಳಲ್ಲಿ ಬಳಸುವ ಕೋತಿಯ ಕಿಡ್ನಿಯ ಕೋಶ) ಮೊದಲ ಪ್ಯಾಸೇಜುಗಳಲ್ಲಿ, ಅಂದರೆ ಒಂದು ಫ್ಲಾಸ್ಕಿನಿಂದ ಹೊಸ ಕೋಶಗಳಿಗೆ ದಾಟಿಸಿದ ಮೊದಲ ಸುತ್ತುಗಳಲ್ಲಿ, ನನಗೆ ಏನೂ ಕಾಣಲಿಲ್ಲ. ಕೋಶ ಬೆಳೆಸಲು ಹಾಕುವ ಸೀರಮ್ ಅರ್ಧ ಲೀಟರ್ ಬಾಟಲಿಗೆ ಆಗ 35–40 ಸಾವಿರ. ಸುಮ್ನೆ ಎರಡು ಬಾಟಲಿ ಮುಗಿದವು. ಆಮೇಲೆ ಕುರಿಮರಿ ಬೀಜದ (ವೃಷಣದ) ಪ್ರೈಮರಿ ಕೋಶಕ್ಕೆ, ಅಂದರೆ ನೇರ ಅಂಗದಿಂದಲೇ ತೆಗೆದ ಕೋಶಕ್ಕೆ ಬಂದೆ. ಕಸಾಯಿಖಾನೆಯಿಂದ ಬೆಳಗ್ಗೆಯೇ ತಂದರೆ ದುಡ್ಡು ಹೆಚ್ಚಿಲ್ಲ, ದುಡಿಮೆ ಹೆಚ್ಚು. ಮೊದಲ ಪ್ಯಾಸೇಜಿನಲ್ಲಿ ಹತ್ತು ದಿನ ಕಾದರೂ ಏನೂ ಇಲ್ಲ. ಎರಡರಲ್ಲೂ ಇಲ್ಲ. ಮೂರರಲ್ಲಿ, ಐದನೇ ದಿನದ ಹೊತ್ತಿಗೆ, ಅಲ್ಲಲ್ಲಿ ಕೋಶಗಳು ದುಂಡಗಾಗಿ ಗುಂಪುಗೂಡಿದವು, ಸುತ್ತ ತೂತು ಬಿತ್ತು. ಈ ವೈರಸ್ಸಿನ ಪಿ32 ಜೀನ್ ಹುಡುಕುವ ಪಿಸಿಆರ್‌ನಲ್ಲಿ ಬರಬೇಕಾದ 192 ಬೇಸ್‌ಪೇರ್ ಉದ್ದದ ಬ್ಯಾಂಡ್ ಬಂತು. ಅದು ಹಕ್ಕಳೆಯ ಹಳೇ ಡಿಎನ್‌ಎ ಇರಬಹುದಲ್ಲ ಅಂತ ಕೆಲವರು ಅಂದರು. ಡಿಎನ್‌ಎ ಎಷ್ಟಿದೆ ಅಂತ ಅಳೆಯುವ ರಿಯಲ್ ಟೈಮ್ ಪಿಸಿಆರ್ ಹಾಕಿ ತೋರಿಸಿದೆ. ಪ್ಯಾಸೇಜ್ ಹೋದಂತೆ ಸಿಟಿ (ಈ ಅಂಕಿ ಇಳಿದಷ್ಟೂ ಡಿಎನ್‌ಎ ಹೆಚ್ಚು) 30ರ ಹತ್ತಿರದಿಂದ 17–18ಕ್ಕೆ ಇಳಿದಿತ್ತು. ಸತ್ತ ಡಿಎನ್‌ಎ ಆಗಿದ್ದರೆ ಏರಬೇಕಿತ್ತು.

ನಡುವೆ ಗಿರಿರಾಜ ಕೋಳಿಯ ಮೊಟ್ಟೆಯಲ್ಲೂ ಬೆಳೆಸಿ ನೋಡಿದೆ. ಪೊರೆಯ ಮೇಲೆ ಬಿಳಿ ಚುಕ್ಕೆ ಬಂದವು, ಆದರೆ ಒಂದು ಮೊಟ್ಟೆಯಂತೆ ಇನ್ನೊಂದಿಲ್ಲ. ದನದ ಕಾಲಿಗೆ ಕಚ್ಚುವ ನೊಣಗಳನ್ನು ಹಿಡಿದು ಪಿಸಿಆರ್ ಮಾಡಿದೆ, ಕೆಲವು ಗುಂಪು ಪಾಸಿಟಿವ್. ಅವುಗಳಿಂದ ವೈರಸ್ ಬೆಳೆಸುವುದು ಇನ್ನೂ ಆಗಿಲ್ಲ, ಬಿಡುವುದಿಲ್ಲ.

ಹಕ್ಕಳೆ ಕಳಿಸುವವರು ದನದ ಕಿವಿಯೋಲೆ (ಟ್ಯಾಗ್) ನಂಬರನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ನಾವು ಕವರನ್ನು ಸ್ಪಿರಿಟ್‌ನಲ್ಲಿ ಒರೆಸುವಾಗ ಪೆನ್ನಿನ ಶಾಯಿ ಅಳಿಸಿಹೋಗುತ್ತೆ. ಯಾವ ದನದ್ದು ಅಂತ ಗೊತ್ತಾಗದಿದ್ದರೆ ಅದರ ಸೀರಮ್ ಜೊತೆ ಹೋಲಿಸಲು ಬರಲ್ಲ.