ಎಳೆಯ ಶೂಟರ್‌ಗೆ ಶಾಟ್‌ಗನ್ ಸ್ಟಾಕ್ ಹೊಂದಿಸುವಾಗ

ದಯವಿಟ್ಟು ಮಕ್ಕಳ ಕೈಗೆ ದೊಡ್ಡವರ ಗನ್ ಕೊಟ್ಟು "ಅಭ್ಯಾಸವಾಗುತ್ತದೆ" ಎನ್ನಬೇಡಿ. ವಯಸ್ಕರ ಸ್ಟಾಕ್ (ಭುಜಕ್ಕೆ ಆನಿಸುವ ಮರದ ಭಾಗ) ಟ್ರಿಗರ್‌ನಿಂದ ಹಿಂತುದಿಯವರೆಗೆ ಸಾಮಾನ್ಯವಾಗಿ 14 ಇಂಚಿನ ಆಸುಪಾಸು ಇರುತ್ತದೆ. ಮಕ್ಕಳಿಗೆ ಹೆಚ್ಚಾಗಿ 12ರಿಂದ 13 ಇಂಚು ಸಾಕು. ಉದ್ದ ಹೆಚ್ಚಾದರೆ ಮಗು ಬೆನ್ನನ್ನು ಹಿಂದಕ್ಕೆ ಬಾಗಿಸಿ, ಸ್ಟಾಕನ್ನು ಭುಜದ ಗುಳಿ ಬಿಟ್ಟು ತೋಳಿನ ಮೇಲೆ ಇಟ್ಟುಕೊಳ್ಳುತ್ತದೆ. ಒದೆತವೆಲ್ಲ ಅಲ್ಲಿಗೇ ಬೀಳುತ್ತದೆ, ಕಲಿಯುವ ಆಸೆಯೂ ಅಲ್ಲಿಗೇ ಮುಗಿಯುತ್ತದೆ.

ಗನ್ ಖಾಲಿಯಿದೆ ಎಂದು ಎರಡು ಬಾರಿ ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಕಣ್ಣು ಮುಚ್ಚಿ ಭುಜಕ್ಕೇರಿಸಲು ಹೇಳಿ. ಕೆನ್ನೆ ಸ್ಟಾಕ್ ಮೇಲೆ ಕೂತ ಮೇಲೆ ಕಣ್ಣು ತೆರೆಯಲಿ. ಮೂಗಿಗೂ ಹೆಬ್ಬೆರಳ ಗೆಣ್ಣಿಗೂ ನಡುವೆ ಎರಡು-ಮೂರು ಬೆರಳಿನಷ್ಟು ಜಾಗವಿರಬೇಕು. ನಳಿಗೆಯ ತುದಿಯಲ್ಲಿರುವ, ಗುರಿ ನೋಡುವ ಮಣಿ ಕಾಣದೆ ಗನ್ನಿನ ಹಿಂಭಾಗವಷ್ಟೇ ಕಂಡರೆ ಕೆನ್ನೆ ತೀರಾ ಕೆಳಗಿದೆ ಎಂದರ್ಥ. ಅಂಟಿಸುವ ಕೆನ್ನೆಪ್ಯಾಡ್ ಹಾಕಿ ಎತ್ತರಿಸಿ. ದಪ್ಪ ಜಾಕೆಟ್ ತೊಟ್ಟು ಶೂಟ್ ಮಾಡುವುದಾದರೆ ಅಳತೆಯನ್ನೂ ಅದರಲ್ಲೇ ನೋಡಿ.

ಸ್ಟಾಕ್ ಗಿಡ್ಡ ಮಾಡಲು ಅದರ ಮರ ಕತ್ತರಿಸುವುದನ್ನು ಕೆಲಸ ಬಲ್ಲ ಗನ್‌ಸ್ಮಿತ್‌ಗೇ (ಬಂದೂಕು ರಿಪೇರಿ ಮಾಡುವವರಿಗೆ) ಬಿಡಿ. ಕತ್ತರಿಸಿದ ತುಂಡನ್ನು ಜೋಪಾನವಾಗಿಡಿ, ಮಗು ಬೆಳೆದಾಗ ಮತ್ತೆ ಜೋಡಿಸಬಹುದು. ಇನ್ನೊಂದು ಮಾತು: ಹಗುರವಾದ ಗನ್ ಹೆಚ್ಚು ಒದೆಯುತ್ತದೆ, ಆದ್ದರಿಂದ ಆರಂಭದಲ್ಲಿ ಕಡಿಮೆ ಚರೆ ತುಂಬಿದ ಹಗುರ ಕಾರ್ಟ್ರಿಜ್ ಕೊಡಿ.