ಬಂಗಾರಕ್ಕನ ಪ್ರಶ್ನೆಗೆ ಡಾಕ್ಟರ ಉತ್ತರ: ರಕ್ತಹೀನತೆಯ ಕೆಲಸಕ್ಕೆ ತೊಗಲುಗೊಂಬೆ ಹಚ್ಚಿದ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಗರ್ಭಿಣಿಯರ ರಕ್ತಹೀನತೆಯ ಕೆಲಸಕ್ಕೆ ತೊಗಲುಗೊಂಬೆಯಾಟವನ್ನು ಹಚ್ಚುತ್ತೇನೆಂದು ಮಾಸಿಕ ಸಭೆಯಲ್ಲಿ ಹೇಳಿದ ದಿನ ‘ಡಾಕ್ಟ್ರು ನಾಟಕ ಕಂಪನಿ ತೆಗದಾರ’ ಎಂಬ ಮಾತು ಎದ್ದು ಸಭೆಯೆಲ್ಲ ನಕ್ಕಿತ್ತು. ಏಳು ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್, ಅಂದರೆ ತೀವ್ರ ರಕ್ತಹೀನತೆ ಹೊತ್ತು ಹೆರಿಗೆಗೆ ಬರುವವರು ನಮ್ಮಲ್ಲಿ ಆಗ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಮಂದಿಯಿದ್ದರು. ಕಳೆದ ವರ್ಷ ಮೂರೋ ನಾಲ್ಕೋ ಇರಬೇಕು. ಅಂದು ನಕ್ಕವರಲ್ಲಿ ಇಬ್ಬರು ಈಚೆಗೆ ನನ್ನಿಂದ ಮೇಳದವರ ಫೋನ್ ನಂಬರು ಪಡೆದಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಕಬ್ಬಿಣಾಂಶದ ಮಾತ್ರೆಯ ಪ್ರಮಾಣ, ಪರೀಕ್ಷೆಯ ವೇಳಾಪಟ್ಟಿ, ತಾಯಿ ಕಾರ್ಡಿನ ನಮೂದು ಇವೆಲ್ಲ ಇದೇ ಕೆಲಸದಲ್ಲಿರುವ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಆಗದಿರುವುದು ನಮ್ಮೆಲ್ಲರ ತೊಡಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 44.8ರಷ್ಟು ಜನರಿಗೆ ರಕ್ತಹೀನತೆಯಿತ್ತು. ಐದನೆಯ ಸುತ್ತಿನಲ್ಲಿ ಅದು 47.8ಕ್ಕೆ ಏರಿತು. ನಡುವೆ 2017ರ ಅಕ್ಟೋಬರಿನಿಂದ ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟವೂ 2018ರಲ್ಲಿ ರಕ್ತಹೀನತೆ ತಗ್ಗಿಸಲು ಅನೀಮಿಯಾ ಮುಕ್ತ ಭಾರತ ಯೋಜನೆಯೂ ಬಂದಿದ್ದವು. ರಾಜ್ಯದ ಪ್ರಾದೇಶಿಕ ಅಸಮತೋಲನ ನೋಡಿದ ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಬೇರೆ ಪಟ್ಟಿ ಮಾಡಿತಲ್ಲ, ಆ ಪಟ್ಟಿಯಲ್ಲಿ ನಮ್ಮ ಭಾಗದ ಪಾಲೇ ದೊಡ್ಡದು. ಇಲ್ಲಿ ಮಾತ್ರೆ ಮನೆ ತಲುಪುತ್ತದೆ, ಹೊಟ್ಟೆ ತಲುಪುವುದಿಲ್ಲ.

ಮೊದಲು ಎಲ್ಲರಂತೆ ಧ್ವನಿವರ್ಧಕ ಕಟ್ಟಿದ ಆಟೋ ಬಿಟ್ಟೆವು, ಗೋಡೆಬರಹ ಬರೆಸಿದೆವು. ಗೋಡೆಬರಹಕ್ಕೆ ಊರಿಗೆ ಸುಮಾರು ಎರಡು ಸಾವಿರ ಖರ್ಚಾಯಿತು. ಆರು ತಿಂಗಳಲ್ಲಿ ಅದರ ಮೇಲೆ ಬೋರ್‌ವೆಲ್ ಜಾಹೀರಾತು ಬಂದಿತು. ಆಮೇಲೆ ಹೊರಗಿನಿಂದ ಬೀದಿನಾಟಕದ ತಂಡವೊಂದನ್ನು ಕರೆಸಿದೆವು. ಹುಡುಗರು ಚೆನ್ನಾಗಿಯೇ ಆಡಿದರು, ಆದರೆ ಮಧ್ಯಾಹ್ನ ಮೂರಕ್ಕೆ ನಡೆದ ಆಟಕ್ಕೆ ಶಾಲೆಯ ಮಕ್ಕಳು ಮತ್ತು ಕಟ್ಟೆಯ ಮೇಲಿನ ಮುದುಕರ ಹೊರತು ಯಾರೂ ಇರಲಿಲ್ಲ. ಗರ್ಭಿಣಿಯರು ಹೊಲದಲ್ಲಿದ್ದರು, ಅವರ ಅತ್ತೆಯರೂ ಹೊಲದಲ್ಲಿದ್ದರು. ಪ್ರೇಕ್ಷಕರು ಮುನ್ನೂರು ಎಂದು ವರದಿ ಹೋಯಿತು.

ತೊಗಲುಗೊಂಬೆಯ ಯೋಚನೆ ಬಂದದ್ದು ಒಬ್ಬ ರೋಗಿಯಿಂದ. ರಕ್ತದೊತ್ತಡದ ಮಾತ್ರೆಗೆ ಬರುತ್ತಿದ್ದ, ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತ ಸಮುದಾಯದ ಹಿರಿಯರೊಬ್ಬರು ಆಟ ಬಿಟ್ಟು ಹತ್ತು ವರ್ಷವಾಗಿತ್ತು. ಅವರ ಮನೆಯ ಅಟ್ಟದ ಮೇಲೆ ಆಡಿನ ಚರ್ಮದ ಗೊಂಬೆಗಳು ಪೆಟ್ಟಿಗೆಯಲ್ಲಿ ಮಲಗಿದ್ದವು. ರಾಮಾಯಣವನ್ನೇ ಆಡಿಸಲಿ, ಮಹಾಭಾರತವನ್ನೇ ಆಡಿಸಲಿ, ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ನುಗ್ಗಿ ಬಂದು ಊರಗೌಡನಿಗೂ ಶ್ಯಾನುಭೋಗನಿಗೂ ಬಾಯಿಗೆ ಬಂದದ್ದನ್ನು ಅಂದು ಹೋಗುವುದುಂಟು; ಅದನ್ನು ಯಾರೂ ಸಿಟ್ಟಿಗೆ ತೆಗೆದುಕೊಳ್ಳುವುದಿಲ್ಲ. ನನಗೆ ಬೇಕಾಗಿದ್ದದ್ದು ಆ ಸಲುಗೆ. ಗೊಂಬೆಗಳ ಬಾಯಲ್ಲಿ ಕಬ್ಬಿಣಾಂಶದ ಪಾಠ ಹೇಳಿಸುವ ಉದ್ದೇಶ ನನಗೆ ಇರಲಿಲ್ಲ. ಹೆಂಗಸರು ನನ್ನೆದುರು ಎಂದೂ ಹೇಳದ ದೂರುಗಳನ್ನು ಬಂಗಾರಕ್ಕ ಹೇಳಬೇಕು, ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ನಾನು ಎಲ್ಲರ ಎದುರು ಅದಕ್ಕೆ ಉತ್ತರ ಕೊಡಬೇಕು ಎಂಬುದು ಒಪ್ಪಂದ.

ಈ ಒಪ್ಪಂದಕ್ಕೆ ಮೇಳದವರನ್ನು ಒಪ್ಪಿಸುವುದೇ ಕಷ್ಟವಾಯಿತು. ಸರ್ಕಾರಿ ಡಾಕ್ಟರನ್ನು ಬೈದರೆ ನಾಳೆ ಮಾತ್ರೆ ಸಿಗಲಿಕ್ಕಿಲ್ಲ ಎಂಬ ಅಂಜಿಕೆ ಅವರದು. ಅವರ ಅಂಜಿಕೆ ಹೇಗೆ ಬಿಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕವರಿಗೆ ಹೇಳುತ್ತೇನೆ. ದೂರುಗಳನ್ನು ಕಲೆಹಾಕಿದ್ದು ಆಶಾ ಕಾರ್ಯಕರ್ತೆಯರು. ಯಾರ ಹೆಸರೂ ಇಲ್ಲದೆ, ಹೆಂಗಸರು ಆಡಿದ ಮಾತನ್ನು ಆಡಿದ ಹಾಗೆಯೇ ನೋಟುಬುಕ್ಕಿನಲ್ಲಿ ಬರೆದು ಆಟದ ಹಿಂದಿನ ದಿನ ಮೇಳದ ಹಿರಿಯರಿಗೆ ಓದಿ ಹೇಳುತ್ತಿದ್ದರು. ಆ ನೋಟುಬುಕ್ಕನ್ನು ನಾನು ಇಂದಿಗೂ ಮುಂಚಿತವಾಗಿ ನೋಡುವುದಿಲ್ಲ.

ಜಾಗದ ವಿಷಯದಲ್ಲಿ ಎರಡು ಸಲ ಸೋತೆವು. ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ಆಡಿಸಿದಾಗ ಕೇರಿಯವರು ದೂರದಲ್ಲೇ ನಿಂತರು. ಕೇರಿಯಲ್ಲಿ ಆಡಿಸಿದಾಗ ಮೇಲಿನ ಓಣಿಯವರು ಕದ ಹಾಕಿಕೊಂಡರು. ಕೊನೆಗೆ ಪಡಿತರ ಅಂಗಡಿಯ ಮುಂದಿನ ಬಯಲು ಖಾಯಂ ಆಯಿತು, ಏಕೆಂದರೆ ಅಕ್ಕಿಗಾಗಿ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ರೂಢಿಯಾದ ಜಾಗ ಊರಿನಲ್ಲಿ ಅದೊಂದೇ. ಅಕ್ಕಿ ಕೊಡುವ ವಾರದಲ್ಲೇ, ರಾತ್ರಿ ಎಂಟೂವರೆಗೆ, ರೊಟ್ಟಿ ಬಡಿದು ಮುಗಿದ ಮೇಲೆ ಆಟ. ಒಂಬತ್ತಕ್ಕೆ ಇಟ್ಟರೆ ಕೂಸುಗಳು ಅಳುತ್ತವೆ.

ಹಣದ ಲೆಕ್ಕ ಎಲ್ಲರೂ ಕೇಳುತ್ತಾರೆ. ಮೇಳಕ್ಕೆ ಒಂದು ರಾತ್ರಿಗೆ ಆರು ಸಾವಿರ, ಪರದೆ ಮತ್ತು ಬೆಳಕಿಗೆ ಏಳೆಂಟು ನೂರು, ಚಹಾ-ಚುರುಮುರಿಗೆ ಮುನ್ನೂರು ಹಿಡಿಯಿರಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ ಬರುವ ಹತ್ತು ಸಾವಿರ ಮುಕ್ತ ನಿಧಿಯಲ್ಲಿ ಒಂದು ಆಟ ಸಲೀಸಾಗಿ ಆಗುತ್ತದೆ, ಸಮಿತಿ ಠರಾವು ಮಾಡಿದರೆ. ನಮ್ಮ ಮೊದಲ ಬಿಲ್ಲು ಲೆಕ್ಕಪರಿಶೋಧನೆಯಲ್ಲಿ ‘ಮನರಂಜನೆ’ ಎಂಬ ಆಕ್ಷೇಪಣೆಗೆ ಸಿಕ್ಕಿ, ಸುಮಾರು ಹದಿಮೂರು ಸಾವಿರವನ್ನು ಎಂಟು ತಿಂಗಳು ನನ್ನ ಕೈಯಿಂದಲೇ ಕಟ್ಟಿಕೊಂಡಿದ್ದೆ. ಈಗ ಠರಾವಿನಲ್ಲಿ ‘ಸಮುದಾಯ ಸಂವಾದ’ ಎಂದು ಬರೆಯಿಸಿ, ಆಟದ ಕೊನೆಗೆ ಬಂದ ಬೇಡಿಕೆಗಳ ಪಟ್ಟಿಯನ್ನು ಸಮಿತಿಯ ಸದಸ್ಯರ ಸಹಿಯೊಂದಿಗೆ ಬಿಲ್ಲಿಗೆ ಲಗತ್ತಿಸುತ್ತೇವೆ. ಆಮೇಲೆ ಆಕ್ಷೇಪಣೆ ಬಂದಿಲ್ಲ.

ಮೊದಲ ಸರಿಯಾದ ಆಟದಲ್ಲಿ ಬಂಗಾರಕ್ಕ ನನ್ನ ಕಡೆ ಕತ್ತು ತಿರುಗಿಸಿ ಅಂದ ಮಾತು ಇದು: ‘ಡಾಕ್ಟರಪ್ಪ ನಾಕೂವರಿಗೆ ಮನಿಗಿ ಹೊಂಟಾನ, ನಾ ಹೊಲದಿಂದ ಬರೂದು ಆರಕ್ಕ. ನಮ್ಮಿಬ್ಬರ ಜಾತಕ ಕೂಡೂದು ಯಾವಾಗೊ?’ ಬಯಲೆಲ್ಲ ನಕ್ಕು, ಆಮೇಲೆ ನನ್ನ ಮುಖ ನೋಡಿತು. ವಾರಕ್ಕೆ ಎರಡು ಸಂಜೆ, ಆರರಿಂದ ಎಂಟರವರೆಗೆ ಗರ್ಭಿಣಿಯರ ತಪಾಸಣೆ ಇಡುತ್ತೇನೆಂದು ಅಲ್ಲಿಯೇ ಹೇಳಬೇಕಾಯಿತು. ನರ್ಸ್‌ಗಳ ಪಾಳಿ ಹೊಂದಿಸುವುದಕ್ಕೆ ಒಂದು ತಿಂಗಳು ಹಿಡಿಯಿತು; ಅವರು ಮುನಿಸಿಕೊಂಡದ್ದೂ ನಿಜ. ಸಂಜೆ ಕೆಲಸ ಮಾಡಿದವರಿಗೆ ಮರುದಿನ ತಡವಾಗಿ ಬರುವ ಸವಲತ್ತು ಕೊಟ್ಟು, ಎರಡೂ ಸಂಜೆ ನಾನೇ ಮೊದಲು ಬಂದು ಕೂತ ಮೇಲೆ ವಿಷಯ ತಣ್ಣಗಾಯಿತು. ಪ್ರತಿ ತಿಂಗಳ ಒಂಬತ್ತನೆಯ ತಾರೀಖಿನ ಸುರಕ್ಷಿತ ಮಾತೃತ್ವ ತಪಾಸಣೆಗೆ ಬರುವವರಿಗಿಂತ ಈ ಸಂಜೆಗಳಿಗೆ ಬರುವವರೇ ಈಗ ಹೆಚ್ಚು.

ಎರಡನೆಯ ದೂರು ಇನ್ನೂ ದುಬಾರಿಯದು. ಐರನ್ ಸುಕ್ರೋಸ್ ಎಂಬ ಕಬ್ಬಿಣಾಂಶದ ಔಷಧವನ್ನು ರಕ್ತನಾಳಕ್ಕೆ ಹನಿಸಲು ನಾವು ಒಬ್ಬಾಕೆಯನ್ನು ನಾಲ್ಕೈದು ಸಲ ಕರೆಸುತ್ತೇವೆ. ಪ್ರತಿ ಸಲ ಟಂಟಂ ಗಾಡಿಗೆ ಹೋಗಿ ಬರಲು ಎಂಬತ್ತು ರೂಪಾಯಿ, ಜೊತೆಗೆ ಒಂದು ದಿನದ ಕೂಲಿ. ಉದ್ಯೋಗ ಖಾತ್ರಿಯ ಕೂಲಿಯೇ 2024-25ರಲ್ಲಿ 349 ರೂಪಾಯಿಯಿತ್ತು. ಪುಕ್ಕಟೆಯೆಂದು ನಾವು ಹೆಮ್ಮೆಯಿಂದ ಕೊಡುವ ಔಷಧಕ್ಕೆ ಆಕೆ ಎರಡು ಸಾವಿರ ತೆರುತ್ತಾಳೆ. ಬಂಗಾರಕ್ಕ ಬೆರಳು ಮಡಚಿ ಈ ಲೆಕ್ಕ ಒಪ್ಪಿಸಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಇನ್ನೊಂದು ಕಬ್ಬಿಣಾಂಶದ ಔಷಧ ತರಿಸಿದೆವು. ಸಾವಿರ ಮಿಲಿಗ್ರಾಂ ಒಂದೇ ಕೂರಿಕೆಯಲ್ಲಿ ಹದಿನೈದು ನಿಮಿಷಕ್ಕೆ ಹೋಗುತ್ತದೆ, ಮತ್ತೆ ಅರ್ಧ ಗಂಟೆ ಕೂರಿಸಿ ನೋಡಿ ಕಳಿಸಬಹುದು. ಮೊದಲ ತ್ರೈಮಾಸಿಕದಲ್ಲಿ ಕೊಡುವುದಿಲ್ಲ. ತುರ್ತು ಔಷಧಗಳ ತಟ್ಟೆ ಪಕ್ಕದಲ್ಲಿ ಇಲ್ಲದೆ, ನಾನು ಎದುರಿಗೆ ಇಲ್ಲದೆ ಶುರು ಮಾಡುವುದಿಲ್ಲ. ನಮಗೆ ಸಿಕ್ಕ ದರ ಬಾಟಲಿಗೆ ಸಾವಿರದ ಆಸುಪಾಸು. ದುಬಾರಿಯೆಂದು ಮೇಲಿನವರು ಅಂದರು. ಟಂಟಂ ಮತ್ತು ಕೂಲಿಯ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದ ಮೇಲೆ ಸುಮ್ಮನಾದರು.

ಅತ್ತೆಯರ ವಿಷಯವೇ ಬೇರೆ. ಕಬ್ಬಿಣಾಂಶದ ಕೆಂಪು ಮಾತ್ರೆ ನುಂಗಿದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಮಲ ಕಪ್ಪಾಗುವಂತೆ ಕೂಸೂ ಕಪ್ಪಾಗುತ್ತದೆ ಎಂಬ ನಂಬಿಕೆಗೆ ಗೊಂಬೆಯಾಟ ಹೆಚ್ಚು ನಾಟಲಿಲ್ಲ. ಅದಕ್ಕೆ ಕುಬಸದ, ಅಂದರೆ ಸೀಮಂತದ ಹಾಡು ಬೇಕಾಯಿತು. ಕುಬಸದಲ್ಲಿ ಹಾಡುವ ಮುದುಕಿಯರು ಪ್ರತಿ ಊರಿನಲ್ಲಿ ಮೂರ್ನಾಲ್ಕು ಮಂದಿ ಇರುತ್ತಾರೆ. ಬಯಕೆಯ ತಿಂಡಿಗಳ ಹಾಡಿಗೆ ನಿಂಬೆಹಣ್ಣಿನ ರಸ, ನುಗ್ಗೆಸೊಪ್ಪು, ಗುಳಿಗೆ ಇವನ್ನು ಸೇರಿಸಿ ನುಡಿ ಕಟ್ಟಿದವರು ಅವರೇ. ಮಾತ್ರೆಯ ಮೇಲೆ ಒಂದು ತಾಸು ಚಹಾ ಕುಡಿಯಬಾರದೆಂಬುದನ್ನು ನಾನು ನೂರು ಸಲ ಹೇಳಿ ಸೋತಿದ್ದೆ, ಹಾಡಿನಲ್ಲಿ ಅದು ಒಂದೇ ಸಾಲಿಗೆ ನಿಂತಿತು. ಆ ಮುದುಕಿಯರನ್ನು ಒಲಿಸಿಕೊಳ್ಳುವ ದಾರಿ ಊರಿಂದೂರಿಗೆ ಬೇರೆಯಿರುವುದರಿಂದ ಅದನ್ನೂ ಬಿಡುತ್ತೇನೆ. ದುಡ್ಡು ಮಾತ್ರ ಕೊಡಲು ಹೋಗಬೇಡಿ.

ಇನ್ನು ನಡುನಡುವೆ ಮಾಡಿದ ಬೇರೆ ಪ್ರಯೋಗಗಳು. ಆಟವನ್ನು ವಿಡಿಯೋ ಮಾಡಿ ವಾಟ್ಸ್ಯಾಪ್‌ನಲ್ಲಿ ಹಂಚಿದೆವು; ಫೋನು ಗಂಡಂದಿರ ಕಿಸೆಯಲ್ಲಿದ್ದುದರಿಂದ ಅದು ಅಲ್ಲಿಗೇ ನಿಂತಿತು. ಆಟದ ಕೊನೆಗೆ ಬಯಲಿನಲ್ಲೇ ಡಿಜಿಟಲ್ ಮೀಟರಿನಿಂದ ರಕ್ತ ನೋಡಿದೆವು. ಸ್ಟ್ರಿಪ್ಪುಗಳು ಖಾಲಿಯಾದವು, ಗಂಡಸರೇ ಮೊದಲು ಬೆರಳು ಚಾಚಿದರು, ಎಲ್ಲರೆದುರು ತನ್ನ ಅಂಕಿ ಕೂಗಿದ್ದಕ್ಕೆ ಒಬ್ಬ ಸೊಸೆ ಮರುವಾರ ಬರಲೇ ಇಲ್ಲ. ಈಗ ಮರುಸಂಜೆಯ ಚೀಟಿ ಕೊಡುತ್ತೇವೆ, ಅಂಕಿ ಆಕೆಗೆ ಮಾತ್ರ ಹೇಳುತ್ತೇವೆ. ಕಬ್ಬಿಣದ ಬಾಣಲೆಗಳನ್ನು ಹಂಚುವ ಯೋಚನೆಯೊಂದಿತ್ತು. ಇಪ್ಪತ್ತು ಕೊಂಡು ಕೊಟ್ಟೆವು, ತುಕ್ಕು ಹಿಡಿಯುತ್ತದೆಂದು ಅರ್ಧಕ್ಕರ್ಧ ಮಂದಿ ಮೂಲೆಗಿಟ್ಟರು. ನುಗ್ಗೆಸೊಪ್ಪಿನ ಚಟ್ನಿಪುಡಿ ಗೆದ್ದಿತು. ನೆರಳಲ್ಲಿ ಒಣಗಿಸಿದ ಸೊಪ್ಪು, ಶೇಂಗಾ, ಹುಣಸೆ, ಬೆಳ್ಳುಳ್ಳಿ ಹಾಕಿ ಸ್ವಸಹಾಯ ಸಂಘದ ಹೆಂಗಸರು ಕುಟ್ಟುತ್ತಾರೆ. ಸಜ್ಜಿ ರೊಟ್ಟಿಯ ಜೊತೆ ಮಕ್ಕಳೂ ತಿನ್ನುತ್ತಾರೆ. ಅದರಿಂದ ಹಿಮೋಗ್ಲೋಬಿನ್ ಎಷ್ಟು ಏರಿತೆಂದು ನಾನು ಹೇಳಿಕೊಳ್ಳುವುದಿಲ್ಲ, ಆದರೆ ಚಟ್ನಿಪುಡಿ ಕೊಳ್ಳಲು ಬಂದವರು ಮಾತ್ರೆ ಕೇಳಿ ಒಯ್ಯುತ್ತಾರೆ.

ಗುಳೆ ಹೋಗುವವರದು ಬಗೆಹರಿದಿಲ್ಲ. ದೀಪಾವಳಿ ಮುಗಿಯುತ್ತಲೇ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗೋವಾಕ್ಕೋ ಹೊರಟ ಕುಟುಂಬಗಳು ಯುಗಾದಿಗೆ ಮರಳುವಷ್ಟರಲ್ಲಿ ಐದನೆಯ ತಿಂಗಳಿನವಳು ಬಾಣಂತಿಯಾಗಿರುತ್ತಾಳೆ. ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಕೊಟ್ಟು, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಳಿಸುತ್ತೇವೆ. ಆಶಾ ಹದಿನೈದು ದಿನಕ್ಕೊಮ್ಮೆ ಫೋನು ಮಾಡುತ್ತಾಳೆ. ಹತ್ತರಲ್ಲಿ ಆರು ಮಂದಿ ಫೋನಿಗೆ ಸಿಗುತ್ತಾರೆ. ಉಳಿದ ಗಂಭೀರ ಪ್ರಕರಣಗಳು ಹೆಚ್ಚಾಗಿ ಸಿಗದ ಈ ನಾಲ್ವರ ಕಡೆಯಿಂದಲೇ ಬರುತ್ತಿವೆ. ಆದ್ದರಿಂದ ಆಟದ ಸುತ್ತನ್ನು ಈಗ ದೀಪಾವಳಿಗೆ ಮೂರು ವಾರ ಮೊದಲೇ ಮುಗಿಸುತ್ತೇವೆ. ಗುಳೆ ಹೊರಡುವ ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕಡಿಮೆ ಇರುವವರಿಗೆ ಟ್ರಕ್ಕು ಹತ್ತುವ ಮೊದಲೇ ಫೆರಿಕ್ ಕಾರ್ಬಾಕ್ಸಿಮಾಲ್ಟೋಸಿನ ಒಂದು ಬಾಟಲಿ ಹೋಗಿರಬೇಕೆಂಬುದು ಈ ವರ್ಷದ ಗುರಿ. ಮೇಳದ ಹಿರಿಯರ ಮಗನೂ ಕಟ್ಟಡಗಳಿಗೆ ಬಣ್ಣ ಬಳಿಯಲು ಬೆಂಗಳೂರಿಗೆ ಹೋಗುವವನೇ ಆದ್ದರಿಂದ ಅವನಿಗೆ ಮುಂಗಡ ಎರಡು ಸಾವಿರ ಕೊಟ್ಟು ದಿನಾಂಕ ಗೊತ್ತುಮಾಡಿಕೊಂಡಿದ್ದೇವೆ, ಆ ಹಣಕ್ಕೆ ಸಮಿತಿಯ ಠರಾವು ಆಗಬೇಕಾಗಿದೆ.