ಎರಡೂವರೆ ಮೀಟರಿನೊಳಗೆ ಒಂದು ನಗರದ ಸ್ಟೇಷನ್

ನಗರದ ರೈಲ್ವೆ ಸ್ಟೇಷನ್ನಿನ ಮಾದರಿ ಮಾಡ್ತಿದ್ದೀನಿ ಅಂದರೆ ಎಲ್ಲರೂ ಮೊದಲು ಕೇಳುವುದು ಕಟ್ಟಡದ ಬಗ್ಗೆ. ಗೋಪುರ ಇರುತ್ತಾ, ಗಡಿಯಾರ ಇರುತ್ತಾ, ಚಾವಣಿ ಹೇಗೆ ಮಾಡ್ತೀರಿ? ನನ್ನ ಸಮಯ ಜಾಸ್ತಿ ಹೋಗಿದ್ದು ಬೇರೆ ಕಡೆ. ಎರಡು ಹಳಿ ಬಂದು ಮೂರಾಗಿ ಕವಲೊಡೆಯುವ, ಪ್ಲಾಟ್‌ಫಾರ್ಮ್ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಜಾಗ ಇದೆಯಲ್ಲ, ಅಲ್ಲಿ. ನಾನದನ್ನು ಸ್ಟೇಷನ್ನಿನ ಬಾಯಿ ಅನ್ನುತ್ತೇನೆ. ಆ ಬಾಯಿ ಸರಿಯಾಗಿದ್ದರೆ ಕಟ್ಟಡದ ಜಾಗದಲ್ಲಿ ರಟ್ಟಿನ ಡಬ್ಬಿ ಇಟ್ಟರೂ ನೋಡುವವರಿಗೆ ಸ್ಟೇಷನ್ ಕಾಣುತ್ತದೆ. ಅದು ಕೆಟ್ಟಿದ್ದರೆ ಎಂಥ ಗೋಪುರ ಕಟ್ಟಿದರೂ ಬೋಗಿಗಳು ಹಳಿ ತಪ್ಪುತ್ತಲೇ ಇರುತ್ತವೆ.

ಮೊದಲು ಅಳತೆಯ ಮಾತು. ಹೆಚ್ಚು ಜನ ಬಳಸುವುದು ಎಚ್‌ಒ, ಅಂದರೆ 1:87, ನಿಜವಾದದ್ದರ 87ರಲ್ಲಿ ಒಂದು ಪಾಲು. ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿ.ಮೀ. ಅದಕ್ಕಿಂತ ಚಿಕ್ಕದು ಎನ್, 1:160, ಹಳಿಯ ಅಗಲ 9 ಮಿ.ಮೀ. ನಿಜವಾದ 400 ಮೀಟರ್ ಪ್ಲಾಟ್‌ಫಾರ್ಮ್ ಎಚ್‌ಒದಲ್ಲಿ ನಾಲ್ಕೂವರೆ ಮೀಟರ್ ದಾಟುತ್ತದೆ. ಎನ್‌ನಲ್ಲಿ ಎರಡೂವರೆ ಮೀಟರ್. ನನಗಿದ್ದ ಒಟ್ಟು ಜಾಗವೇ ಅಷ್ಟು. ಹಾಗಾಗಿ ಎನ್ ಹಿಡಿದೆ, ಪ್ಲಾಟ್‌ಫಾರ್ಮನ್ನೂ ಮೊಟಕು ಮಾಡಿದೆ. 20 ಮೀಟರ್ ಬೋಗಿ ಎನ್‌ನಲ್ಲಿ 12.5 ಸೆಂ.ಮೀ. ಆಗುತ್ತದೆ. ಐದು ಬೋಗಿ, ಒಂದು ಇಂಜಿನ್ ಸೇರಿದರೆ ಮುಕ್ಕಾಲು ಮೀಟರ್. ಪ್ಲಾಟ್‌ಫಾರ್ಮ್ 90 ಸೆಂ.ಮೀ. ಇಟ್ಟೆ. ಐದು ಬೋಗಿಯ ರೈಲು ಚಿಕ್ಕದಾಯ್ತು ಅನ್ನಿಸಬಹುದು. ಆದರೆ ಚಾವಣಿಯ ಕೆಳಗೆ ಅರ್ಧ ಅಡಗಿ ನಿಂತಾಗ ಬೋಗಿ ಎಣಿಸುವವರು ಯಾರೂ ಇಲ್ಲ.

ಒಂದು ಎಚ್ಚರಿಕೆ. ಎನ್ ಅಂತ ಪೆಟ್ಟಿಗೆಯ ಮೇಲಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಳತೆ ಅಲ್ಲ. ಬ್ರಿಟನ್ನಿನ ಎನ್ 1:148, ಜಪಾನಿನದು ಸಾಮಾನ್ಯವಾಗಿ 1:150. ಕಟ್ಟಡಗಳನ್ನು ಬೆರೆಸಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಪ್ಲಾಟ್‌ಫಾರ್ಮ್ ಮೇಲೆ ಎರಡು ಅಳತೆಯ ಜನರನ್ನು ಪಕ್ಕಪಕ್ಕ ನಿಲ್ಲಿಸಿದರೆ ಮಾತ್ರ ತಕ್ಷಣ ಎದ್ದು ಕಾಣುತ್ತದೆ.

ನಗರದ ಸ್ಟೇಷನ್ನಿಗೆ ಎರಡು ದಾರಿ. ರೈಲು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವಂಥದ್ದು, ಇಲ್ಲವೇ ಹಳಿ ಅಲ್ಲಿಗೇ ಮುಗಿಯುವಂಥದ್ದು. ಜಾಗ ಕಡಿಮೆ ಇದ್ದವರು ಎರಡನೆಯದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಹಾದುಹೋಗುವ ಸ್ಟೇಷನ್ನಿಗೆ ಎರಡೂ ತುದಿಯಲ್ಲಿ ಬಾಯಿ ಬೇಕು, ಎರಡೂ ಕಡೆ ರೈಲು ಅಡಗಿಸುವ ಜಾಗ ಬೇಕು. ಮುಗಿಯುವ ಸ್ಟೇಷನ್ನಿಗೆ ಒಂದೊಂದು ಸಾಕು. ಈ ವಿಷಯದಲ್ಲಿ ಬ್ರಿಟನ್ನಿನ ಮಾದರಿ ರೈಲು ಪತ್ರಿಕೆಯ ಸಂಪಾದಕ ಸಿರಿಲ್ ಫ್ರೀಜರ್ 1957ರಲ್ಲಿ ಪ್ರಕಟಿಸಿದ 'ಮಿನೋರೀಸ್' ಎಂಬ ನಕ್ಷೆಯನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಜೋಡಿ ಹಳಿ ಬರುತ್ತದೆ, ಕೆಲವೇ ಪಾಯಿಂಟುಗಳಲ್ಲಿ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳು) ಮೂರು ಪ್ಲಾಟ್‌ಫಾರ್ಮಿಗೆ ಹಂಚಿಹೋಗುತ್ತದೆ. ಯಾವ ಪ್ಲಾಟ್‌ಫಾರ್ಮಿಗೆ ಬೇಕಾದರೂ ರೈಲು ಬರಬಹುದು, ಎಲ್ಲಿಂದ ಬೇಕಾದರೂ ಹೊರಡಬಹುದು. ನನ್ನ ಬಾಯಿಯೂ ಅದರದ್ದೇ ಮರಿ.

ಆ ನಕ್ಷೆಯ ಜಾಣತನ ಇರುವುದು ತಿರುವುಗಳಲ್ಲಿ. ಪಾಯಿಂಟುಗಳನ್ನು ಸುಮ್ನೆ ಒಂದರ ಹಿಂದೆ ಒಂದು ಜೋಡಿಸುತ್ತಾ ಹೋದರೆ ಎಡಕ್ಕೆ ತಿರುಗಿದ ರೈಲು ಮರುಕ್ಷಣವೇ ಬಲಕ್ಕೆ ತಿರುಗಬೇಕಾಗುತ್ತದೆ. ಆಗ ಒಂದು ಬೋಗಿಯ ತುದಿ ಎಡಕ್ಕೆ ಚಾಚಿರುತ್ತದೆ, ಅದರ ಹಿಂದಿನದರ ತುದಿ ಬಲಕ್ಕೆ. ನಡುವಿನ ಕೊಂಡಿ ಅಡ್ಡ ಎಳೆಯುತ್ತದೆ. ಇಂಜಿನ್ ಎಳೆದುಕೊಂಡು ಹೋಗುವಾಗ ಹೇಗೋ ದಾಟಿಬಿಡುತ್ತದೆ. ಹಿಂದಿನಿಂದ ತಳ್ಳಿದಾಗ ನಿಜಬಣ್ಣ ಬಯಲಾಗುತ್ತದೆ, ಹಗುರ ಬೋಗಿ ಪಕ್ಕಕ್ಕೆ ಜಿಗಿಯುತ್ತದೆ. ಮಿನೋರೀಸ್ ಇಂಥ ಎಡಬಲ ತಿರುವುಗಳನ್ನು ಆದಷ್ಟು ತಪ್ಪಿಸುತ್ತದೆ. ತಪ್ಪಿಸಲಾಗದ ಕಡೆ ಎರಡು ತಿರುವುಗಳ ನಡುವೆ ನಿಮ್ಮ ಅತಿ ಉದ್ದದ ಬೋಗಿಯಷ್ಟು ನೇರ ಹಳಿ ಹಾಕಿ. ನನ್ನಲ್ಲಿ ಅಂಥ ಜಾಗ ಒಂದೇ ಒಂದು ಇತ್ತು. ಅಲ್ಲಿ 13 ಸೆಂ.ಮೀ. ನೇರ ತುಂಡು ಕೂರಿಸಿದ ಮೇಲೆ ರೈಲನ್ನು ತಳ್ಳಿದರೂ ಅಲುಗಾಡದೆ ಹೋಗುತ್ತದೆ.

ಕಂಪ್ಯೂಟರಿನಲ್ಲಿ ಹಳಿಯ ನಕ್ಷೆ ಬರೆಯುವ ತಂತ್ರಾಂಶಗಳು ಬೇಕಾದಷ್ಟಿವೆ. ನಾನೂ ಅಲ್ಲೇ ಶುರುಮಾಡಿದ್ದು. ಆದರೆ ಹಲಗೆ ಕೊಯ್ಯುವ ಮುಂಚೆ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಹಾಳೆಗಳನ್ನು ಅಂಟಿಸಿ, ನೆಲದ ಮೇಲೆ ಹರಡಿ ನೋಡಿ. ಅದರ ಮೇಲೆ ಬೋಗಿ ಇಡಿ, ಪುಸ್ತಕಗಳನ್ನು ಪೇರಿಸಿ ಕಟ್ಟಡ ಅಂದುಕೊಳ್ಳಿ, ಮಂಡಿಯೂರಿ ರೈಲಿನ ಮಟ್ಟಕ್ಕೆ ಕಣ್ಣು ತಂದು ನೋಡಿ. ಪರದೆಯ ಮೇಲೆ ಬೇಕಾದಷ್ಟು ಅಗಲ ಕಂಡಿದ್ದ ಎರಡನೇ ಪ್ಲಾಟ್‌ಫಾರ್ಮ್ ನೆಲದ ಮೇಲೆ ಮೆಟ್ಟಿಲಿಗೂ ಜಾಗ ಇಲ್ಲದಷ್ಟು ಇಕ್ಕಟ್ಟು ಅಂತ ನನಗೆ ಗೊತ್ತಾಗಿದ್ದು ಹಾಗೆಯೇ.

ಹಲಗೆ 9 ಮಿ.ಮೀ. ಪ್ಲೈವುಡ್, ಕೆಳಗೆ ಅದರದ್ದೇ ಪಟ್ಟಿಗಳ ಚೌಕಟ್ಟು. 1.2 ಮೀಟರಿನ ಎರಡು ತುಂಡು. ಕೂಡುವ ಜಾಗ ಪ್ಲಾಟ್‌ಫಾರ್ಮಿನ ತುದಿಯ ಹತ್ತಿರ ಬರುವ ಹಾಗೆ ನೋಡಿಕೊಂಡೆ, ಅಲ್ಲಿ ಹಳಿಗಳೆಲ್ಲ ನೇರ ಇವೆ. ಪಾಯಿಂಟ್ ಮಾತ್ರ ಯಾವತ್ತೂ ಹಲಗೆಯ ಕೂಡಿನ ಮೇಲೆ ಬರಬಾರದು. ಹಲಗೆಯ ಮೇಲೆ ಕಾರ್ಕ್ ಹಾಳೆ, ಅದರ ಮೇಲೆ ಹಳಿ. ಇದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ವೈರಿಂಗಿನಲ್ಲಿ ಇದೆ. ಪಾಯಿಂಟಿನ ನಡುವೆ ಎರಡು ಹಳಿ ಕೂಡುವ ಚೂಪು ಲೋಹದ ತುಂಡಿಗೆ ಫ್ರಾಗ್ ಅನ್ನುತ್ತಾರೆ. ಕೆಲವು ಪಾಯಿಂಟುಗಳಲ್ಲಿ ಅದು ಪ್ಲಾಸ್ಟಿಕ್ಕಿನದು, ಕರೆಂಟ್ ಇರುವುದಿಲ್ಲ. ಜೋಡಿಸಲು ಸುಲಭ. ಆದರೆ ಪುಟ್ಟ ಇಂಜಿನ್ ಅದರ ಮೇಲೆ ನಿಧಾನವಾಗಿ ಹೋದರೆ ನಿಂತುಬಿಡುತ್ತದೆ. ನಗರದ ಸ್ಟೇಷನ್ನಿನ ಬಾಯಲ್ಲಿ ರೈಲು ತೆವಳುತ್ತಾ ಬರಬೇಕು, ಮತ್ತು ಪಾಯಿಂಟುಗಳು ಸಾಲಾಗಿ ಇರುತ್ತವೆ. ಅದಕ್ಕೇ ಇಲ್ಲಿ ಲೋಹದ ಫ್ರಾಗ್ ಬೇಕು. ಲೋಹದ್ದಾದರೆ ಪಾಯಿಂಟ್ ತಿರುಗಿದ ಕಡೆಗೆ ತಕ್ಕಂತೆ ಫ್ರಾಗಿನ ಕರೆಂಟೂ ಬದಲಾಗಬೇಕು, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ನಾನು ಪ್ರತಿ ಪಾಯಿಂಟಿನ ಕೆಳಗೆ ಒಂದು ಪುಟ್ಟ ಸರ್ವೋ ಮೋಟಾರ್ ಕೂರಿಸಿ, ಅದರ ತೋಳು ತಿರುಗಿದಾಗ ಒಂದು ಮೈಕ್ರೋ ಸ್ವಿಚ್ ಒತ್ತುವ ಹಾಗೆ ಮಾಡಿದ್ದೇನೆ. ಆ ಸ್ವಿಚ್ಚೇ ಫ್ರಾಗಿಗೆ ಯಾವ ಕಡೆಯ ಕರೆಂಟ್ ಅಂತ ತೀರ್ಮಾನಿಸುತ್ತದೆ. ಸರ್ವೋದಿಂದ ಇನ್ನೊಂದು ಲಾಭ ಇದೆ: ಹಳಿಯ ನಾಲಿಗೆ ಟಕ್ ಅಂತ ಬಡಿಯದೆ ಮೆಲ್ಲಗೆ ಸರಿಯುತ್ತದೆ, ನೋಡಲು ನಿಜವಾದ ಪಾಯಿಂಟಿನ ಹಾಗೇ.

ರೈಲು ಓಡಿಸುವುದಕ್ಕೆ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್ ಬಳಸಿದ್ದೇನೆ. ಹಳೆಯ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಟ್ಟರೆ ಅಷ್ಟು ವೇಗ, ಹಳಿಯ ಮೇಲಿರುವ ಎಲ್ಲ ಇಂಜಿನ್ನೂ ಒಟ್ಟಿಗೆ ಹೊರಡುತ್ತವೆ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಇಂಜಿನ್ ನಿಲ್ಲಿಸಬೇಕಾದರೆ ಹಳಿಯನ್ನು ತುಂಡು ಮಾಡಿ ಒಂದೊಂದಕ್ಕೂ ಸ್ವಿಚ್ ಹಾಕಬೇಕು. ಡಿಸಿಸಿಯಲ್ಲಿ ಪ್ರತಿ ಇಂಜಿನ್ನಿಗೂ ತನ್ನದೇ ನಂಬರ್ ಇರುತ್ತದೆ. ಕರೆದ ನಂಬರಿನ ಇಂಜಿನ್ ಮಾತ್ರ ಕದಲುತ್ತದೆ. ರೈಲು ಮುಗಿಯುವ ಸ್ಟೇಷನ್ನಿನಲ್ಲಿ ಇದು ದೊಡ್ಡ ಅನುಕೂಲ. ತೊಂದರೆಯೂ ಒಂದಿದೆ. ಎಲ್ಲೋ ಒಂದು ಕಡೆ ಶಾರ್ಟ್ ಆದರೆ ಇಡೀ ಲೇಔಟ್ ನಿಂತುಹೋಗುತ್ತದೆ, ಮತ್ತು ಶಾರ್ಟ್ ಆಗುವುದು ಸಾಮಾನ್ಯವಾಗಿ ಪಾಯಿಂಟುಗಳ ಮೇಲೆಯೇ. ಬಾಯಿಯ ಭಾಗವನ್ನು ಬೇರೆ ಮಾಡಿ ಅದಕ್ಕೊಂದು ಪ್ರತ್ಯೇಕ ಬ್ರೇಕರ್ ಹಾಕಿದರೆ ಪ್ಲಾಟ್‌ಫಾರ್ಮಿನ ದೀಪ, ನಿಂತ ರೈಲಿನ ದೀಪ ಆರುವುದಿಲ್ಲ. ಹಲಗೆಯ ಕೆಳಗೆ ಎರಡು ದಪ್ಪ ತಂತಿ ಓಡುತ್ತದೆ, ಒಂದು ಕೆಂಪು, ಒಂದು ಕಪ್ಪು. ಪ್ರತಿ ಹಳಿ ತುಂಡಿನಿಂದಲೂ ಒಂದೊಂದು ತೆಳು ತಂತಿ ಇಳಿದು ಅದಕ್ಕೆ ಬೆಸುಗೆ ಆಗಿದೆ. ಹಳಿ ಕೂಡಿಸುವ ತಗಡಿನ ಚೂರುಗಳು ಕರೆಂಟ್ ಸಾಗಿಸುತ್ತವೆ ಅಂತ ನಂಬಿ ಕೂರಬೇಡಿ. ಬಣ್ಣ, ಅಂಟು, ದೂಳು ಸೇರಿದ ಮೇಲೆ ಅವು ಕೈಕೊಡುತ್ತವೆ.

ಪ್ಲಾಟ್‌ಫಾರ್ಮಿನ ಅಂಚು ಇನ್ನೊಂದು ನಾಜೂಕಿನ ಕೆಲಸ. ಬಾಯಿಯ ಕಡೆಗೆ ನನ್ನ ಮೂರನೇ ಪ್ಲಾಟ್‌ಫಾರ್ಮ್ ಸ್ವಲ್ಪ ಬಾಗಿದೆ. ತಿರುವಿನಲ್ಲಿ ಬೋಗಿಯ ನಡು ಒಳಕ್ಕೆ ಸರಿಯುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಎಷ್ಟು ಅಂತ ಲೆಕ್ಕ ಹಾಕುವ ಬದಲು ಬೋಗಿಯನ್ನೇ ಕೇಳಿದೆ. ಅತಿ ಉದ್ದದ ಬೋಗಿಯ ಪಕ್ಕಕ್ಕೆ, ಸರಿಯಾಗಿ ನಡುವಿಗೆ, ಪೆನ್ಸಿಲ್ ಕಡ್ಡಿಯ ಚೂರನ್ನು ಟೇಪಿನಿಂದ ಅಂಟಿಸಿದೆ, ಮೊನೆ ಕಾರ್ಕಿಗೆ ತಾಗುವ ಹಾಗೆ. ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಕಾರ್ಕಿನ ಮೇಲೆ ಒಂದು ಬೂದು ಗೆರೆ ಮೂಡಿತು. ಆಮೇಲೆ ಕಡ್ಡಿಯನ್ನು ಬೋಗಿಯ ಎರಡೂ ಮೂಲೆಗೆ ಸರಿಸಿ ಹೊರಬದಿಗೂ ಹಾಗೇ ಮಾಡಿದೆ. ಗೆರೆಯಿಂದ ಒಂದು ಮಿಲಿಮೀಟರ್ ಬಿಟ್ಟು ಅಂಚಿನ ಕಲ್ಲು ಅಂಟಿಸಿದರೆ ಸಾಕು. ಬೋಗಿ ಉಜ್ಜುವುದಿಲ್ಲ, ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಹಳ್ಳವೂ ಕಾಣುವುದಿಲ್ಲ.

ಜಲ್ಲಿ ಹಾಕುವ ಮುಂಚೆ ಹಳಿಯ ಪಕ್ಕಗಳಿಗೆ ತುಕ್ಕಿನ ಕಂದು ಬಣ್ಣ ಬಳಿದು, ಮೇಲ್ಭಾಗವನ್ನು ತಕ್ಷಣ ಒರೆಸಬೇಕು. ಜಲ್ಲಿ ಹರಡಿದ ಮೇಲೆ ನೀರು ಚಿಮುಕಿಸಿ, ಫೆವಿಕಾಲ್ ಥರದ ಬಿಳಿ ಅಂಟನ್ನು ನೀರಿನಲ್ಲಿ ಕಲಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ ಬಿಡಬೇಕು. ಸೋಪಿನಿಂದ ಅಂಟು ಉಂಡೆಕಟ್ಟದೆ ಒಳಗಿಳಿಯುತ್ತದೆ. ಪಾಯಿಂಟಿನ ನಾಲಿಗೆಯ ಹತ್ತಿರ ಮಾತ್ರ ಜಲ್ಲಿಯನ್ನು ಎಷ್ಟು ಕಡಿಮೆ ಹಾಕಿದರೂ ಜಾಸ್ತಿಯೇ. ಬಣ್ಣದ ವಿಷಯಕ್ಕೆ ಬಂದರೆ, ಇಂಜಿನ್ ನಿಲ್ಲುವ ಕಡೆ ಜಲ್ಲಿ ಕಪ್ಪಗೆ ಎಣ್ಣೆ ಹಿಡಿದಿರಬೇಕು. ಹೊಸ ಬೂದು ಜಲ್ಲಿ ಹಾಕಿದರೆ ಸ್ಟೇಷನ್ ನಿನ್ನೆ ಉದ್ಘಾಟನೆ ಆದ ಹಾಗೆ ಕಾಣುತ್ತದೆ.

ಇನ್ನು ಎಲ್ಲರೂ ಕೇಳುವ ಕಟ್ಟಡ. 150 ಮೀಟರಿನ ಮುಂಭಾಗ ಎನ್‌ನಲ್ಲಿ ಸುಮಾರು 94 ಸೆಂ.ಮೀ. ನನ್ನ ಹಲಗೆಯ ಅಗಲ ಅದರ ಅರ್ಧ. ಇಂಥ ಕಡೆ ಎಲ್ಲವನ್ನೂ ಒಂದೇ ಸಮನೆ ಕುಗ್ಗಿಸಿದರೆ ಕೆಡುತ್ತದೆ, ಬಾಗಿಲು ಮನುಷ್ಯರಿಗಿಂತ ಚಿಕ್ಕದಾಗುತ್ತದೆ. ಬಾಗಿಲು, ಕಿಟಕಿ, ಕಮಾನು ಇವುಗಳ ಅಳತೆ ಮುಟ್ಟದೆ, ಅವುಗಳ ಸಂಖ್ಯೆ ಕಡಿಮೆ ಮಾಡಬೇಕು. ಹದಿಮೂರು ಕಮಾನಿನ ಕಡೆ ಏಳು. ನಡುವಿನದು ಮುಖ್ಯ ಬಾಗಿಲಾಗಿ ಉಳಿಯಲು ಬೆಸ ಸಂಖ್ಯೆಯೇ ಇರಲಿ. ಹಿಂದಿನ ಗೋಡೆಯ ಸಾಲಿನಲ್ಲಿರುವ ಊರಿನ ಕಟ್ಟಡಗಳಿಗೆ ಪೂರ್ತಿ ದೇಹವೇ ಇಲ್ಲ, ಎರಡು ಮೂರು ಸೆಂ.ಮೀ. ದಪ್ಪದ ಮುಖಗಳು ಅಷ್ಟೆ. ಹಳಿಗಿಂತ ಎತ್ತರದ ಕಲ್ಲಿನ ಗೋಡೆ ಕಟ್ಟಿ ಅದರ ಮೇಲೆ ಇವುಗಳನ್ನು ನಿಲ್ಲಿಸಿದರೆ ನಗರ ಸ್ಟೇಷನ್ನನ್ನು ಅಮುಕಿಕೊಂಡು ನಿಂತ ಭಾವ ತಾನಾಗಿ ಬರುತ್ತದೆ. ಚಾವಣಿಯನ್ನು ಪ್ಲಾಟ್‌ಫಾರ್ಮಿನ ಅರ್ಧದವರೆಗೆ ಮಾತ್ರ ಎಳೆದಿದ್ದೇನೆ, ಅದೂ ಎತ್ತಿ ತೆಗೆಯುವ ಹಾಗೆ. ಒಳಗೆ ಬೋಗಿ ಬಿದ್ದರೆ ಕೈ ಹೋಗಬೇಕಲ್ವಾ?

ಕಟ್ಟಡದೊಳಗೆ ಎಲ್‌ಇಡಿ ಹಾಕುವವರು ಗೋಡೆಯ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಬಿಳಿ ಬಳಿಯಿರಿ. ಕಪ್ಪು ಇಲ್ಲದಿದ್ದರೆ ಪ್ಲಾಸ್ಟಿಕ್ ಗೋಡೆಯೇ ದೀಪದ ಹಾಗೆ ಹೊಳೆಯುತ್ತದೆ.

ಜನರನ್ನು ಅಂಟಿಸುವಾಗ ಒಂದೇ ಮಾತು: ಸಮವಾಗಿ ಹಂಚಬೇಡಿ. ಎನ್‌ನಲ್ಲಿ ಮನುಷ್ಯ ಒಂದು ಸೆಂ.ಮೀ.ಗಿಂತ ತುಸು ಎತ್ತರ. ಅಂಥವರನ್ನು ಮೆಟ್ಟಿಲ ಬುಡದಲ್ಲಿ, ಗಡಿಯಾರದ ಕೆಳಗೆ, ಬೆಂಚಿನ ಸುತ್ತ ಗುಂಪು ಮಾಡಿ. ಪ್ಲಾಟ್‌ಫಾರ್ಮಿನ ದೂರದ ತುದಿ ಖಾಲಿ ಬಿಡಿ. ಓಡುವ ಭಂಗಿಯ ಗೊಂಬೆ ಬೇಡ. ರೈಲು ಚಲಿಸುವಾಗ ಅವರು ಒಂಟಿಕಾಲಲ್ಲೇ ನಿಂತಿರುತ್ತಾರೆ.

ಬಾಯಿಯ ಆಚೆ ಒಂದು ರಸ್ತೆ ಸೇತುವೆ. ಹಳಿಗಳು ಅದರ ಕೆಳಗೆ ನುಗ್ಗಿ ಮಾಯವಾಗುತ್ತವೆ, ಹಿಂದೆ ರೈಲು ಅಡಗಿಸುವ ನಾಲ್ಕು ಹಳಿಗಳ ಯಾರ್ಡ್. ಸೇತುವೆಯ ಮೇಲೆ ಒಂದು ಬಸ್ ಅಡ್ಡ ನಿಲ್ಲಿಸಿದರೆ ಕಣ್ಣು ಅಲ್ಲೇ ತಡೆಯುತ್ತದೆ, ಆಚೆಯ ತೂತು ಕಾಣುವುದಿಲ್ಲ.

ಓಡಿಸುವ ಆಟ ಹೀಗಿದೆ. ರೈಲು ಬಂದು ನಿಂತಾಗ ಇಂಜಿನ್ ಹಳಿಯ ಕೊನೆಗೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಬೋಗಿಗಳು. ಇನ್ನೊಂದು ಇಂಜಿನ್ ಬಾಯಿಯಿಂದ ಬಂದು ಬೋಗಿಗಳ ಬಾಲಕ್ಕೆ ಕೊಂಡಿ ಹಾಕಿಕೊಂಡು ಎಳೆದೊಯ್ಯುತ್ತದೆ. ಬಿಡುಗಡೆಯಾದ ಮೊದಲನೆಯದು ಮುಂದಿನ ರೈಲಿಗೆ ಸಿದ್ಧ. ಹೀಗೆ ಒಂದರ ಜಾಗಕ್ಕೆ ಇನ್ನೊಂದು ಬರುತ್ತಾ ಮೂರು ಇಂಜಿನ್, ಮೂರು ರೇಕ್ (ಬೋಗಿಗಳ ಸಾಲು) ಇದ್ದರೂ ಕೈಗೆ ಬಿಡುವಿಲ್ಲ. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವ ಲೋಕಲ್ ರೈಲೊಂದನ್ನು ಮೂರನೇ ಪ್ಲಾಟ್‌ಫಾರ್ಮಿಗೆ ಮೀಸಲಿಟ್ಟಿದ್ದೇನೆ. ಅದಕ್ಕೆ ಇಂಜಿನ್ ಬದಲಿಸುವ ಗೋಜಿಲ್ಲ, ಉಳಿದ ಎರಡರಲ್ಲಿ ಶಂಟಿಂಗ್ ನಡೆಯುವಾಗ ಅದು ಬಂದು ಹೋಗುತ್ತಿರುತ್ತದೆ. ಒಬ್ಬರೇ ಓಡಿಸುವುದಾದರೆ ಯಾರ್ಡಿನ ಕಡೆ ನಿಂತುಕೊಳ್ಳಿ, ಪಾಯಿಂಟುಗಳ ಗುಂಡಿಯ ಪಟ್ಟಿಯನ್ನೂ ಅಲ್ಲೇ ಇಟ್ಟುಕೊಳ್ಳಿ. ನೋಡಲು ಬಂದವರಿಗೆ ಪ್ಲಾಟ್‌ಫಾರ್ಮಿನ ಕಡೆ ಬಿಟ್ಟುಕೊಟ್ಟರೆ ನಡುವೆ ಯಾರ ತಲೆಯೂ ಅಡ್ಡ ಬರುವುದಿಲ್ಲ.